ಬಿರುಕು ಬಿಟ್ಟ ಆರನೇ ಬಿಲ್ಲೆ

ಈ ಕೆಲಸದಲ್ಲಿ ನಾನು ಕಳೆದದ್ದು ಹತ್ತು ವಾರ. ಅದರಲ್ಲಿ ಬಿಲ್ಲೆ ಒಡೆದದ್ದಕ್ಕೆ ಹೋದದ್ದು ಎರಡೇ ವಾರ. ಒಡೆದದ್ದನ್ನು ಹೇಳದೆ ಇದ್ದದ್ದಕ್ಕೆ ಎಂಟು. ಜೊತೆಗೆ ಎಡಗೈಯ ಎರಡು ಬೆರಳಿನ ಉಗುರು ಹೋದವು, ಚೌಕಾಶಿ ಮಾಡಿ ಗೆದ್ದುಕೊಂಡಿದ್ದ ಒಂದು ಕೆಲಸವೂ ಹೋಯಿತು. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ. ವ್ಯಾಪಾರದಲ್ಲಿ ನಾನು ಮುಖ್ಯವಾದ ಮಾತನ್ನು ಕೊನೆಗೆ ಇಟ್ಟುಕೊಳ್ಳುವವನು. ಆ ಅಭ್ಯಾಸವೇ ಈ ಸಲ ನನ್ನನ್ನು ಕೆಡಿಸಿದ್ದು.

ಶಿರಾದಲ್ಲಿ ಹೈವೇ ಪಕ್ಕ ನನ್ನ ಲೇತ್ ಶಾಪು. ಬೋರ್‌ವೆಲ್ ಮೋಟರಿನ ಬುಶ್ಶು, ಕಡಲೆಕಾಯಿ ಮಿಲ್ಲಿನ ಶಾಫ್ಟು, ಸವೆದ ಬೇರಿಂಗಿಗೆ ಹೊಸ ಹೌಸಿಂಗು, ಇವು ನಮ್ಮ ದಿನದ ಅನ್ನ. ಅಲ್ಲಿಗೆ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಮೇಡಂ ಬಂದದ್ದು ದೀಪಾವಳಿ ಮುಗಿದ ಮೇಲೆ. ಪಾವಗಡ ತಾಲ್ಲೂಕಿನ ರಾಯಚರ್ಲು ಹತ್ತಿರ ಒಂದು ಶೆಡ್ಡಿನಲ್ಲಿ ಅವರು ಒಂದು ಚಕ್ರ ಕೂರಿಸಬೇಕಿತ್ತು. ಮೋಡ ಅಡ್ಡ ಬಂದು ಸೋಲಾರ್ ಕರೆಂಟು ಇಳಿದಾಗ, ಸುತ್ತುತ್ತಿರುವ ಆ ಭಾರದ ಚಕ್ರದಿಂದ ಒಂದೆರಡು ನಿಮಿಷ ಕರೆಂಟು ಕೊಡುವ ಯೋಜನೆ. ಚಕ್ರ ಯಾವುದಕ್ಕೂ ತಾಗದೆ ಗಾಳಿಯಲ್ಲಿ ತೇಲಿಕೊಂಡು ಸುತ್ತಬೇಕು. ತಾಗಿದರೆ ಉಜ್ಜಾಟ, ಉಜ್ಜಾಟವಾದರೆ ಕರೆಂಟು ನಷ್ಟ.

ತೇಲಿಸುವುದು ಅತಿವಾಹಕದ, ಅಂದರೆ ಸೂಪರ್‌ಕಂಡಕ್ಟರಿನ, ಬಿಲ್ಲೆಗಳು. ನೋಡಲು ಕಪ್ಪಗೆ, ಅಗಲದಲ್ಲಿ ಕೇರಂ ಸ್ಟ್ರೈಕರಿನಷ್ಟು, ದಪ್ಪದಲ್ಲಿ ಅದರ ಎರಡರಷ್ಟು. ಮುಖದ ಮೇಲೆ ನಡುವಿನಿಂದ ನಾಲ್ಕು ದಿಕ್ಕಿಗೆ ತೆಳ್ಳಗಿನ ಗೀರು ಇರುತ್ತದೆ, ರಂಗೋಲಿ ಎಳೆಯ ಹಾಗೆ. ಒಂದು ಬೀಜದಿಂದ ಬೆಳೆದ ಒಂದೇ ಹರಳು ಎನ್ನುವುದಕ್ಕೆ ಅದು ಗುರುತು. ಮೇಡಂ ಒಂದು ಬಿಲ್ಲೆಯನ್ನು ಥರ್ಮೊಕೋಲ್ ಬಟ್ಟಲಿನಲ್ಲಿಟ್ಟು, ಮೇಲೆ ಒಂದು ಬೆರಳು ಎತ್ತರದಲ್ಲಿ ಆಯಸ್ಕಾಂತ ಹಿಡಿದು, ದ್ರವ ಸಾರಜನಕ ಸುರಿದರು. ಕುದಿತ ನಿಂತ ಮೇಲೆ ಕೈ ಬಿಟ್ಟರು. ಆಯಸ್ಕಾಂತ ಅಲ್ಲೇ ನಿಂತಿತು. ಚಿಮಟದಲ್ಲಿ ಬಿಲ್ಲೆ ಹಿಡಿದು ಬೋರಲು ಮಾಡಿದರೂ ಬೀಳದೆ ಕೆಳಗೆ ತೂಗಿತು.

"ತಣ್ಣಗಾಗುವಾಗ ಆಯಸ್ಕಾಂತ ಎಲ್ಲಿತ್ತೋ ಆ ಜಾಗವನ್ನ ಇದು ನೆನಪಿಟ್ಟುಕೊಳ್ಳುತ್ತೆ ಅಣ್ಣಾ," ಎಂದರು. "ಮೇಲೆತ್ತಿದರೂ ಎಳೆಯುತ್ತೆ, ಕೆಳಗೆ ಒತ್ತಿದರೂ ತಳ್ಳುತ್ತೆ."

ನನ್ನ ಮಿಸ್ತ್ರಿ ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನನಗೆ ಲೇತ್ ಹಿಡಿಯುವುದು ಕಲಿಸಿದವರೇ ಅವರು. ಶಾಪಿಗೆಲ್ಲ ಚಾಚಾ. ಬಗ್ಗಿ ನೋಡಿ ಕೇಳಿದರು: "ಇದುಕ್ಕೆ ಗ್ರೀಸ್ ಎಲ್ಲಿಂದ ಹೊಡಿಯೋದಮ್ಮಾ?"

"ಗ್ರೀಸ್ ಬೇಡ ಚಾಚಾ."

"ಗ್ರೀಸ್ ಬ್ಯಾಡ್ದಿರೋ ಬೇರಿಂಗ್ ಎಲ್ಲಾ ಕಡೆ ಬಂದ್ಬುಟ್ರೆ ನಮ್ ರೋಜಿ-ರೋಟಿ ಗತಿ ಏನು?"

ಮೇಡಂ ನಕ್ಕರು. ನಾನು ಆಗಲೇ ಚೌಕಾಶಿಗೆ ಇಳಿದಿದ್ದೆ. ಲೋಹದ ಕೆಲಸ ನಮ್ಮಲ್ಲಿ, ಬಿಲ್ಲೆ ಕೂರಿಸುವುದು ಅವರ ಸಂಸ್ಥೆಯಲ್ಲಿ ಎಂದು ಅವರ ಲೆಕ್ಕಾಚಾರ. ಆ ಕೂರಿಸುವ ಕೆಲಸವೇ ನಾಳೆಗೆ ಬೆಲೆ ಬರುವ ಕೆಲಸ ಎಂದು ನನಗೆ ವಾಸನೆ ಬಡಿದಿತ್ತು. "ಅರ್ಧ ಅಲ್ಲಿ, ಅರ್ಧ ಇಲ್ಲಿ ಆದರೆ ನಾಳೆ ತಪ್ಪು ಯಾರದ್ದು ಅಂತ ಗೊತ್ತಾಗಲ್ಲ ಮೇಡಂ. ಪೂರಾ ನನಗೇ ಕೊಡಿ, ಜವಾಬ್ದಾರಿಯೂ ನಂದೇ," ಎಂದೆ. ಎರಡು ಸಲ ಬಂದರು, ಎರಡು ಸಲವೂ ಅದನ್ನೇ ಹೇಳಿದೆ. ಅವರ ಜೊತೆಯವರು ಬೇಡವೆಂದರೂ ಮೇಡಂ ಒಪ್ಪಿದರು.

ಒಪ್ಪಂದ ಸರಳ. ಶಿವರಾತ್ರಿ ಕಳೆದ ಮೇಲೆ ಒಂದು ಸಮಿತಿ ಬರುತ್ತದೆ. ಅವರೆದುರು ಚಕ್ರ ಎಂಟು ಗಂಟೆ ಎಲ್ಲೂ ತಾಗದೆ ಸುತ್ತಬೇಕು. ಸುತ್ತಿದರೆ ಇಂಥವೇ ಇನ್ನೂ ಹನ್ನೆರಡು ಬೇರಿಂಗಿನ ಕೆಲಸ. ತಾಗಿದರೆ ಯೋಜನೆ ಅಲ್ಲಿಗೆ ಮುಕ್ತಾಯ. ಮೇಡಂ ಆರು ವರ್ಷ ಅದರ ಮೇಲೆ ಕೂತಿದ್ದರು. ಬಿಲ್ಲೆಗಳು ಆರು. ಹೊರದೇಶದಿಂದ ಬಂದವು, ಇನ್ನೊಂದು ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು. ಪ್ರತಿಯೊಂದನ್ನೂ ಮೇಡಂ ತಾವೇ ತಣ್ಣಗೆ ಮಾಡಿ, ಕಾಂತ ಅಳೆಯುವ ಕಡ್ಡಿ ಆಡಿಸಿ, ಸರಿಯಿದೆ ಎಂದು ಬರೆದು, ಸಿಲಿಕಾ ಪೊಟ್ಟಣ ಹಾಕಿದ ಡಬ್ಬದಲ್ಲಿ ನನ್ನ ಕೈಗೆ ಕೊಟ್ಟರು.

ಒಂದೊಂದು ಬಿಲ್ಲೆಗೂ ಒಂದು ತಾಮ್ರದ ಬಟ್ಟಲು. ನಕ್ಷೆಯ ಪ್ರಕಾರ ಬಿಲ್ಲೆಗೂ ಬಟ್ಟಲಿಗೂ ನಡುವೆ ಕೂದಲೆಳೆ ಸಂದು ಇರಬೇಕು, ಅದಕ್ಕೆ ಅಂಟು ತುಂಬಬೇಕು. ಐದನ್ನು ಹಾಗೆಯೇ ಕೂರಿಸಿದೆವು. ಆರನೇ ಬಟ್ಟಲನ್ನು ನಾನು ಕೊರೆದಾಗ ಕೂದಲೆಳೆ ಚಿಕ್ಕದಾಗಿತ್ತು. ಮತ್ತೆ ಲೇತಿನ ಚಕ್ಕಿಗೆ ಕಟ್ಟಿ, ಸೆಂಟರ್ ನೋಡಿ, ಒಂದು ಪದರ ತೆಗೆಯಲು ಅರ್ಧ ದಿನ ಬೇಕು. ನಮ್ಮ ಕಸುಬಿನಲ್ಲಿ ಹೌಸಿಂಗ್, ಅಂದರೆ ಬುಶ್ಶು ಕೂರುವ ಹೊರಕವಚ, ಬಿಗಿಯಾದರೆ ಯಾರೂ ಮತ್ತೆ ಕೊರೆಯುವುದಿಲ್ಲ. ಒಲೆಯ ಮೇಲೆ ಕಾಯಿಸುತ್ತೇವೆ, ಹಿಗ್ಗುತ್ತದೆ, ಬುಶ್ಶನ್ನು ಒಳಗೆ ಬಿಟ್ಟು ಮರದ ಕೊಡತಿಯಲ್ಲಿ ಒಂದು ಏಟು ಕೊಡುತ್ತೇವೆ. ಸಡಿಲ ಕೂರಿಸಿದ್ದು ವಾಪಸ್ ಬರುತ್ತದೆ, ಬಿಗಿಯಾಗಿ ಕೂರಿಸಿದ್ದು ಬರುವುದಿಲ್ಲ. ಇಪ್ಪತ್ತು ವರ್ಷ ನಾನು ಅನ್ನ ತಿಂದದ್ದು ಇದರ ಮೇಲೆ. ತಾಮ್ರ ಕಾಯಿಸಿದೆ. ಬಿಲ್ಲೆ ಮುಕ್ಕಾಲು ಇಳಿದು ನಿಂತಿತು. ಕೊಡತಿಯಲ್ಲಿ ತಟ್ಟಿದೆ.

ಹಪ್ಪಳ ಮುರಿದಂಥ ಸದ್ದು ಬಂತು. ಅಷ್ಟೇ.

ಬಿಲ್ಲೆ ಎರಡಾಗಿ ಬೀಳಲಿಲ್ಲ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ನಡುವನ್ನು ಸ್ವಲ್ಪ ಬಿಟ್ಟು, ಎಳೆಯಂಥ ಬಿರುಕು. ತಾಮ್ರ ತಣ್ಣಗಾದಂತೆ ಬಿಗಿದು ಬಿರುಕು ಮುಚ್ಚಿಕೊಂಡಿತು. ಮೇಲೆ ಅಂಟು ಬಳಿದು ಒರೆಸಿದರೆ ಕಣ್ಣಿಗೆ ಕಾಣಲಿಲ್ಲ.

ಚಾಚಾ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. "ಮೇಡಮ್ಮಂಗೆ ಫೋನ್ ಮಾಡಿ ಯೋಳ್ಬುಡಪ್ಪಾ."

"ಹೌಸಿಂಗ್ ಹಿಡಕಂಡೈತಲ್ಲ ಚಾಚಾ. ಬಿರುಕು ಬಿಟ್ಟ ಬುಶ್ಶು ಹೌಸಿಂಗ್ ಒಳಗೆ ಓಡಲ್ವಾ?"

"ಬುಶ್ಶು ಓಡ್ತೈತೆ. ಇದು ಬುಶ್ಶಾ?"

"ಕೇಳಿದ್ರೆ ಹೇಳಾನ ಬುಡಿ."

ಚಾಚಾ ಬಟ್ಟೆ ಎತ್ತಿಕೊಂಡು ಲೇತ್ ಒರೆಸಲು ಹೋದರು. ನಾನು ಶಿರಾ ಮಂಡಿಯಲ್ಲಿ ಚೀಲ ಹೊತ್ತು ಬೆಳೆದವನು. ಅಲ್ಲಿ ಚೀಲದ ಬಾಯಿಗೆ ಒಳ್ಳೆಯ ಕಡಲೆಕಾಯಿ ಹಾಕುತ್ತಾರೆ. ಅದು ಮೋಸ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಕೊಳ್ಳುವವನಿಗೂ ಅದು ಗೊತ್ತು, ಅವನು ಕೈ ತೂರಿಸಿ ತಳದಿಂದ ತೆಗೆದು ನೋಡುತ್ತಾನೆ. ನೋಡದೆ ಕೊಂಡರೆ ಅವನ ಪಾಡು. ಮೇಡಂ ಮಂಡಿಯವರಲ್ಲ ಎನ್ನುವುದನ್ನು ಮಾತ್ರ ನಾನು ಯೋಚಿಸಲಿಲ್ಲ. ಕೂರಿಸುವ ಮೊದಲು ಅಳೆದಿದ್ದರು, ಕೂರಿಸಿದ ಮೇಲೆ ನನ್ನ ಮಾತು ನಂಬಿದರು.

ರಾಯಚರ್ಲು ಶೆಡ್ಡಿನಲ್ಲಿ ಮೊದಲ ದಿನದ ಕ್ರಮವನ್ನು ಬರೆಯುತ್ತೇನೆ, ಮುಂದಿನದು ಅರ್ಥವಾಗಲು ಅದು ಬೇಕು. ಕೆಳಗೆ ಪೆಟ್ಟಿಗೆಯೊಳಗೆ ಆರು ಬಿಲ್ಲೆ ವೃತ್ತಾಕಾರವಾಗಿ. ಮೇಲೆ ಹನ್ನೊಂದು ಕೆಜಿಯ ಚಕ್ರ, ಅದರ ತಳಕ್ಕೆ ಆಯಸ್ಕಾಂತದ ಬಳೆ. ಚಕ್ರವನ್ನು ಮೂರು ಜಾಕಿಯ ಮೇಲೆ ಹತ್ತು ಮಿಲಿಮೀಟರ್ ಎತ್ತರಕ್ಕೆ ನಿಲ್ಲಿಸಿ, ಪೆಟ್ಟಿಗೆಗೆ ಸಾರಜನಕ ತುಂಬಿ, ಕುದಿತ ನಿಲ್ಲುವವರೆಗೆ ಕಾಯುವುದು. ಆಮೇಲೆ ಮೂರೂ ಜಾಕಿಯನ್ನು ಒಟ್ಟಿಗೆ ಇಳಿಸುವುದು. ಚಕ್ರ ತನ್ನ ಭಾರಕ್ಕೆ ಐದು ಮಿಲಿಮೀಟರ್ ಇಳಿದು ಅಲ್ಲಿ ನಿಲ್ಲಬೇಕು. ಅದಕ್ಕಿಂತ ಬಹಳ ಇಳಿದರೆ ಹಿಡಿಯಲು ಸುತ್ತ ಸಾಮಾನ್ಯ ಬೇರಿಂಗು ಇದೆ. ಅದಕ್ಕೆ ತಾಗಿತೆಂದರೆ ಪರೀಕ್ಷೆ ಮುಗಿದಂತೆ.

ಚಕ್ರ ತೇಲಿತು. ಮೇಡಂ ಅದರಡಿ ಕಾಗದ ತೂರಿಸಿ ಆಚೆ ಕಡೆಯಿಂದ ಎಳೆದರು. ಆದರೆ ಬಾಗಿಲ ಕಡೆ ಚಕ್ರ ವಾಲಿತ್ತು. ಸುತ್ತಲು ಬಿಟ್ಟರೆ ಗಂಟೆ ಗಂಟೆಗೂ ಸ್ವಲ್ಪ ಸ್ವಲ್ಪ ಇಳಿಯುತ್ತಾ ಹೋಗಿ, ನಾಲ್ಕನೇ ಗಂಟೆ ಆಗುವ ಮೊದಲೇ ಬಾಗಿಲ ಕಡೆ ಅಂಚು ಕೆರೆಯಿತು.

ಶೆಡ್ಡಿನ ಬೀಗ ನೋಡಿಕೊಳ್ಳುವ ಅಕ್ಕನ ಹೊಲ ಸೋಲಾರಿಗೆ ಹೋಗಿದೆ, ಅವಳಿಗೆ ಶೆಡ್ಡಿನ ಕೆಲಸ ಬಂದಿದೆ. ಆ ಕಡೆಯ ತೆಲುಗು ಬೆರೆತ ಮಾತು ಅವಳದು, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏಂ ಸಾರೂ, ಇದು ತೇಲ್ತೈತಾ, ಇಲ್ಲಾ ಮಲಕ್ಕಂತೈತಾ?"

ಮೇಡಂ ಬಗ್ಗಿ ಬಾಗಿಲ ಕಡೆಯ ಸಂದನ್ನು ಮತ್ತೆ ಅಳೆದರು.

ಆಯಸ್ಕಾಂತದ ಬಳೆ ಒಂದು ಕಡೆ ಸೋತಿರಬೇಕು ಎಂದು ಮೇಡಂ ಊಹಿಸಿದರು. ಒಳ್ಳೆಯ ಊಹೆಯೇ, ಬಳೆಯಲ್ಲಿ ಹಾಗಾಗುವುದು ಸಾಮಾನ್ಯವಂತೆ. ತಣ್ಣಗಾಗುವಾಗ ಬಳೆಯ ಸೋತ ಕಡೆ ಯಾವ ಬಿಲ್ಲೆಯ ಮೇಲಿರುತ್ತದೋ ಅದರ ನೆನಪೂ ಸಡಿಲವಾಗಿ, ಚಕ್ರ ಸುತ್ತಿದರೂ ಅದೇ ಕಡೆ ವಾಲುತ್ತದಂತೆ. ನಾನು ತಲೆಯಾಡಿಸಿದೆ. ಅಲ್ಲಿಂದ ಎಂಟು ವಾರ ಶುರುವಾಯಿತು.

ಮೊದಲು ಅಡಿಪಾಯ ಅಗೆದು ಮಟ್ಟ ಸರಿಮಾಡಿದೆವು. ಆಮೇಲೆ ಬಳೆಯನ್ನು ಬಿಚ್ಚಿ ಶಿರಾಕ್ಕೆ ಒಯ್ದು, ಅದು ಕೂರುವ ಚೌಕಟ್ಟನ್ನು ಲೇತಿನಲ್ಲಿ ಮತ್ತೆ ತಿರುವಿ, ಹಿತ್ತಾಳೆಯ ತೆಳ್ಳನೆ ತಗಡು ಕೊಟ್ಟು ಕೂರಿಸಿದೆವು. ಸ್ವಲ್ಪ ಸುಧಾರಿಸಿದಂತೆ ಕಾಣುತ್ತದೆ, ಮತ್ತೆ ವಾಲುತ್ತದೆ. ಪ್ರತಿ ಸಲ ಬಿಚ್ಚಿ ಕಟ್ಟುವಾಗಲೂ ಚಕ್ರದ ಚುಕ್ಕೆ ಗುರುತನ್ನು ಬಾಗಿಲ ಗುರುತಿಗೇ ಸೇರಿಸಿ ಇಡುತ್ತಿದ್ದೆ. ಬಿಚ್ಚಿದ ಭಾಗಕ್ಕೆ ಪಂಚಿನಲ್ಲಿ ಚುಕ್ಕೆ ಹೊಡೆದು, ಎಲ್ಲಿತ್ತೋ ಅಲ್ಲಿಗೇ ಸೇರಿಸುವುದು ನಮ್ಮ ಶಾಪಿನ ಕಟ್ಟಳೆ. ಅದನ್ನು ತಪ್ಪಿಸಿದವನಿಗೆ ಚಾಚಾ ಬೈಯುತ್ತಾರೆ. ಆದ್ದರಿಂದ ಚಕ್ರ ಒಂದು ಸಲವೂ ಬೇರೆ ದಿಕ್ಕಿಗೆ ಮುಖ ಮಾಡಿ ಕೂರಲಿಲ್ಲ. ಅಭ್ಯಾಸ ಬಲದಿಂದ ಹಾಗೆ ಮಾಡಿದೆನೋ, ಬೇರೆ ಥರ ಇಟ್ಟರೆ ಏನು ತಿಳಿಯುತ್ತದೆ ಎಂಬ ಹೆದರಿಕೆಯಿಂದಲೋ, ಈಗ ನನಗೂ ಖಾತ್ರಿ ಹೇಳಲಾರೆ.

ಸಾರಜನಕ ತರುವುದೇ ಒಂದು ಸಂಸಾರ. ತುಮಕೂರಿನಲ್ಲಿ ತುಂಬಿಸಿಕೊಂಡು ಕೊರಟಗೆರೆ, ಮಧುಗಿರಿ ಮೇಲೆ ಪಾವಗಡ. ಸಿದ್ದರಬೆಟ್ಟಕ್ಕೆ ಹೋಗುವವರ ಟೆಂಪೋ ಸಾಲಿನ ಹಿಂದೆ ಸಿಕ್ಕಿಕೊಂಡರೆ ಕ್ಯಾನು ಹಬೆಯಾಡುತ್ತಾ ಕೂರುತ್ತದೆ. ಗಾಡಿ ಕುಣಿಗೆ ಬಿದ್ದಾಗಲೆಲ್ಲ ಒಂದಿಷ್ಟು ಖಾಲಿ. ಒಂದು ದಿನ ಅರ್ಧಕ್ಕರ್ಧ ಹಾರಿಹೋಗಿತ್ತು. ಮಧುಗಿರಿಯಲ್ಲಿ ಹಸುಗಳಿಗೆ ಗರ್ಭ ಕಟ್ಟಿಸುವ ಸೂಜಿ ಹಾಕುವವರೊಬ್ಬರು ನನಗೆ ಹಳೆಯ ಗಿರಾಕಿ. ಹೋರಿ ವೀರ್ಯದ ಕಡ್ಡಿ ಇಡಲು ಅವರ ಹತ್ತಿರವೂ ಇದೇ ಸಾರಜನಕ. ಅವರ ಬೋರು ಮೋಟರ್ ಪುಕ್ಕಟೆ ಕಟ್ಟಿಕೊಡುತ್ತೇನೆ, ಎರಡು ಲೀಟರ್ ಕೊಡಿ ಎಂದೆ.

"ನಿನ್ ಚಕ್ರ ಇವತ್ತು ತೇಲ್ಲಿಲ್ಲ ಅಂದ್ರೆ ನಾಳೆ ತೇಲಿಸ್ಕಂತೀಯ," ಅಂದರು. "ನನ್ ಡಬ್ಬ ಬಿಸಿ ಆದ್ರೆ ಈ ಹೋಬಳಿ ಹಸುಗಳಿಗೆಲ್ಲ ನೀನು ಬಂದು ಜವಾಬು ಹೇಳ್ತೀಯಾ?"

"ಎರಡೇ ಲೀಟರ್ ಕಣಣ್ಣ."

"ಅಂಗಾರೆ ಹಸೂನ ನಿನ್ನ ಚಕ್ರದ ಮೇಲೆ ಹತ್ತಿಸ್ತೀನಿ, ತೇಲ್ಸು."

ಕೊಡಲಿಲ್ಲ. ಆದರೆ ಕ್ಯಾನನ್ನು ಹಳೆಯ ಟೈರಿನೊಳಗೆ ಕೂರಿಸಿ ತರುವುದನ್ನು, ಮುಚ್ಚಳ ಎಂದೂ ಬಿಗಿ ಮಾಡದಿರುವುದನ್ನು ಹೇಳಿಕೊಟ್ಟರು. ಅದೇ ನನಗೆ ಎರಡು ಲೀಟರಿಗಿಂತ ಹೆಚ್ಚು ಉಳಿಸಿತು.

ಪ್ರತಿ ಓಟ ಮುಗಿದ ಮೇಲೆ ಬಿಲ್ಲೆಗಳು ಬೆಚ್ಚಗಾಗುವಾಗ ಅವುಗಳ ಮೇಲೆ ಗಾಳಿಯ ನೀರು ಕೂರಬಾರದು, ನೀರು ಅವನ್ನು ತಿನ್ನುತ್ತದೆ. ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದಿಸಿ, ಉಳಿದ ಸಾರಜನಕದ ಹಬೆಯನ್ನೇ ಒಳಗೆ ಬಿಟ್ಟು ಐದಾರು ಗಂಟೆ ಕಾಯಬೇಕು. ಒಂದು ಪ್ರಯತ್ನ ಎಂದರೆ ಇಡೀ ಒಂದು ದಿನ. ಎಂಟು ವಾರದಲ್ಲಿ ಹನ್ನೊಂದು ಪ್ರಯತ್ನ ಮಾಡಿದೆವು. ಮೇಡಂ ಪ್ರತಿ ಸಲ ಬೆಂಗಳೂರಿನಿಂದ ಬರುವುದು, ಸಂಜೆ ಸೋತು ಹೋಗುವುದು. ಅವರ ಕಣ್ಣಡಿ ಕಪ್ಪಾಗುತ್ತಾ ಬಂತು. ನನಗೂ ನಿದ್ದೆ ಸರಿಯಿಲ್ಲ. ಪ್ರತಿ ಸಲ ಹೇಳಬೇಕೆಂದುಕೊಂಡು ಹೋಗುತ್ತಿದ್ದೆ. ಮೊದಲ ದಿನ ಹೇಳಿದ್ದರೆ ಒಂದು ಬಿಲ್ಲೆಯ ಮಾತಾಗುತ್ತಿತ್ತು. ಮೂರನೇ ವಾರಕ್ಕೆ ಅದು ಬಿಲ್ಲೆ ಮತ್ತು ಮೂರು ವಾರದ ಮಾತಾಯಿತು. ಹೀಗೆ ಬೆಳೆಯುತ್ತಾ ಹೋದದ್ದನ್ನು ಬಾಯಿಂದ ತೆಗೆಯುವುದು ದಿನಕ್ಕೆ ದಿನಕ್ಕೆ ಕಷ್ಟವಾಯಿತು.

ಸಮಿತಿ ಬರಲು ಎರಡು ವಾರವಿತ್ತು. ಬಳೆಯನ್ನು ಮಾಡಿದವರಿಗೇ ವಾಪಸ್ ಕಳಿಸಿ ಹೊಸದಾಗಿ ಕಾಂತ ಹಿಡಿಸುವುದೊಂದೇ ದಾರಿ ಎಂದು ಮೇಡಂ ತೀರ್ಮಾನಿಸಿದರು. ಅದು ಹೋಗಿ ಬರಲು ಐದು ವಾರ. ಅಂದರೆ ಸಮಿತಿ ಬಂದಾಗ ತೋರಿಸಲು ಚಕ್ರವೇ ಇಲ್ಲ. ಅವರಿಗೂ ಅದು ಗೊತ್ತಿತ್ತು. ಬಳೆಗೆ ಮರದ ಪೆಟ್ಟಿಗೆ ಮಾಡಿಸಲು ಪಾವಗಡಕ್ಕೆ ಹೋದರು.

ಶೆಡ್ಡಿನಲ್ಲಿ ನಾನು, ಚಾಚಾ. ಅಕ್ಕ ಗುಡಿಸುತ್ತಿದ್ದವಳು ಪೊರಕೆ ಊರಿ ನಿಂತಳು.

"ಒಂದು ಮಾತು ಕೇಳ್ಲಾ ಸಾರೂ. ನಮ್ ಮನೇಲಿ ಮಂಚ ವಾಲಿದ್ರೆ, ಮಂಚ ಸುತ್ತ ತಿರುಗ್ಸಿ ಹಾಕ್ತೀವಿ. ಆಗ್ಲೂ ಅದೇ ಮೂಲೆಗೇ ವಾಲಿದ್ರೆ ತಪ್ಪು ಮಂಚದ್ದಲ್ಲ, ನೆಲದ್ದು. ನೀವು ಒಂದಿನಾನೂ ತಿರುಗ್ಸಲಿಲ್ಲ ಕದಾ?"

ಚಾಚಾ ನನ್ನ ಮುಖ ನೋಡಲಿಲ್ಲ. ಕ್ಯಾನು ಅಲ್ಲಾಡಿಸಿ, "ಇನ್ನೊಂದ್ ದಫಾಕ್ಕೆ ಆಗ್ತೈತೆ," ಎಂದರು.

ಚಕ್ರದ ಚುಕ್ಕೆಯನ್ನು ಬಾಗಿಲಿಂದ ಕಿಟಕಿಗೆ ತಿರುಗಿಸಿ ಇಟ್ಟೆವು. ಜಾಕಿ ಏರಿಸಿ, ತುಂಬಿಸಿ, ಕಾದೆವು. ಇಳಿಸಿದಾಗ ಚುಕ್ಕೆ ಕಿಟಕಿಯ ಕಡೆ ಇತ್ತು, ಚಕ್ರ ಬಾಗಿಲ ಕಡೆಗೇ ವಾಲಿತ್ತು. ಬಾಗಿಲ ಕಡೆ ಕೆಳಗೆ ಯಾವ ಬಿಲ್ಲೆ ಇದೆ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ.

"ಅಟ್ಲಾ, ಅಂಗಾ ಇಷ್ಯ," ಎಂದು ಅಕ್ಕ ಮತ್ತೆ ಗುಡಿಸತೊಡಗಿದಳು.

ಜಾಕಿ ಏರಿಸಿ ಚುಕ್ಕೆಯನ್ನು ಹಳೆಯ ಜಾಗಕ್ಕೆ ತಿರುಗಿಸಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಳೆ ಹೋಗುತ್ತದೆ, ಯೋಜನೆ ನಿಲ್ಲುತ್ತದೆ, ತಪ್ಪು ಆಯಸ್ಕಾಂತದ ಲೆಕ್ಕಕ್ಕೆ ಸೇರುತ್ತದೆ. ನಾನು ಬಚಾವು. ಇದನ್ನು ಯೋಚಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಜೀಪು ಬಂತು. ಮೇಡಂ ಜೊತೆ ಸೇರಿ ಮರದ ಪೆಟ್ಟಿಗೆ ಕೆಳಗಿಳಿಸಿದೆ. ಹೊಸ ಹಲಗೆ, ಮೂಲೆಗೆಲ್ಲ ಅಚ್ಚುಕಟ್ಟಾಗಿ ಮೊಳೆ ಹೊಡೆಸಿದ್ದರು. ಒಳಗೆ ಹಾಸಲು ತಮ್ಮದೇ ಒಂದು ಹಳೆಯ ಶಾಲು ತಂದಿದ್ದರು. ಆ ಶಾಲು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ.

"ಬಳೆ ಬಿಚ್ಚಬೇಡಿ ಮೇಡಂ. ಬಾಗಿಲ ಕಡೆ ಬಿಲ್ಲೆ ಒಡೆದಿದೆ. ಒಡೆದದ್ದು ನಾನೇ."

"ಯಾವಾಗ?"

"ಕೂರಿಸುವಾಗ."

ಅವರು ಪೆಟ್ಟಿಗೆಯ ಮೇಲೆಯೇ ಕೂತರು. "ಎಂಟು ವಾರ," ಎಂದರು. ನನಗಲ್ಲ, ತಮಗೇ ಹೇಳಿಕೊಂಡ ಹಾಗೆ. ಚಾಚಾ ನೀರಿನ ಬಾಟಲಿ ಕೊಟ್ಟರು, ಕುಡಿಯಲಿಲ್ಲ. ಬೈಯುತ್ತಾರೆ ಎಂದು ಕಾದೆ, ಬೈದರೆ ಹಗುರವಾಗುತ್ತಿತ್ತು. ಬಾಟಲಿ ಕೆಳಗಿಟ್ಟು ಎದ್ದರು. "ಅಳೆಯುವ ಕಡ್ಡಿ ಜೀಪಿನಲ್ಲಿದೆ. ತಗೊಂಡು ಬನ್ನಿ, ಸರ್."

ಅವತ್ತಿನವರೆಗೆ ನಾನು ಅವರಿಗೆ ಅಣ್ಣ. ಅವತ್ತಿನಿಂದ ಸರ್.

ಮರುದಿನ ಹೊಸ ಕ್ಯಾನು ತಂದು ಬಿಲ್ಲೆಗಳನ್ನು ಒಂದೊಂದಾಗಿ ಅಳೆದರು. ಒಳ್ಳೆಯ ಬಿಲ್ಲೆಯಲ್ಲಿ ಕಾಂತ ನಡುವೆ ಎತ್ತರವಾಗಿ ಸುತ್ತ ಇಳಿಯುತ್ತದೆ, ಒಂದು ರಾಗಿ ರಾಶಿಯ ಹಾಗೆ. ನನ್ನ ಬಿಲ್ಲೆಯಲ್ಲಿ ಎರಡು ಪುಟ್ಟ ರಾಶಿ, ನಡುವೆ ಕಣಿವೆ. ಬಿಲ್ಲೆಯೊಳಗೆ ವಿದ್ಯುತ್ತು ಅಂಚಿನಗುಂಟ ದೊಡ್ಡ ಸುತ್ತು ಹೊಡೆಯಬೇಕು. ಬಿರುಕು ಅಡ್ಡ ಬಂದರೆ ಎರಡು ಸಣ್ಣ ಸುತ್ತಾಗಿ ಒಡೆಯುತ್ತದೆ, ಹೊರುವ ಶಕ್ತಿ ಅರ್ಧಕ್ಕೂ ಕೆಳಗೆ ಹೋಗುತ್ತದೆ. ತುಂಡುಗಳು ಎಷ್ಟೇ ಬಿಗಿಯಾಗಿ ಅಂಟಿಕೊಂಡಿರಲಿ, ವಿದ್ಯುತ್ತಿಗೆ ಅದು ಒಡೆದದ್ದೇ. ಉಳಿದ ಐದು ಚೆನ್ನಾಗಿದ್ದವು.

ಆರರ ಜಾಗದಲ್ಲಿ ಐದೇ ಇದ್ದರೆ ಸಮತೋಲ ಬರುವುದಿಲ್ಲ, ಐದನ್ನು ಸಮನಾಗಿ ಹಂಚಲು ಪೆಟ್ಟಿಗೆಯ ಬೋಲ್ಟುಗಳು ಅಡ್ಡ ಬರುತ್ತವೆ. ಒಡೆದದ್ದನ್ನೂ ಅದರ ಎದುರಿನದನ್ನೂ ತೆಗೆದು ನಾಲ್ಕರಲ್ಲಿ ನಿಲ್ಲಿಸುವುದೆಂದಾಯಿತು. ನಾನು ಎರಡು ದಿನದಲ್ಲಿ ಹೊಸ ತಳಹಲಗೆ ಕೊರೆದು ನಾಲ್ಕನ್ನೂ ಸಮ ಅಂತರಕ್ಕೆ ತಂದೆ. ಚಕ್ರವನ್ನು ಲೇತಿಗೆ ಕಟ್ಟಿ ಏಳೂವರೆ ಕೆಜಿಗೆ ಇಳಿಸಿ, ಮತ್ತೆ ತೂಕ ಸಮ ಮಾಡಲು ಒಂದು ವಾರ ಹಿಡಿಯಿತು. ಈ ಸಲ ಪ್ರತಿ ಅಳತೆಯನ್ನೂ ಮೇಡಂ ಎದುರಿಗೇ ತೆಗೆದೆ. ಚಕ್ರ ನೆಟ್ಟಗೆ ತೇಲಿತು. ಆದರೂ ಗಂಟೆಗಳು ಕಳೆದಂತೆ ಇಳಿಯುವುದು ನಿಲ್ಲಲಿಲ್ಲ. ಬಿಲ್ಲೆಯ ನೆನಪು ಭಾರಕ್ಕೆ ನಿಧಾನವಾಗಿ ಸಡಿಲವಾಗುತ್ತದಂತೆ. ಈ ಲೆಕ್ಕದಲ್ಲಿ ಏಳನೇ ಗಂಟೆಗೆ ತಾಗಬಹುದಿತ್ತು.

"ಮಂಡಿಯಲ್ಲಿ ಚೀಲ ತುಂಬಿದ ಮೇಲೆ ಎತ್ತಿ ಕುಕ್ಕುತ್ತೇವೆ ಮೇಡಂ," ಎಂದೆ. "ಇಳಿಯೋದೆಲ್ಲ ಮೊದಲೇ ಇಳಿದುಬಿಡಲಿ ಅಂತ. ಆಮೇಲೆ ಬಾಯಿ ಹೊಲಿಯೋದು. ಇದಕ್ಕೂ ಮೊದಲೇ ಹೆಚ್ಚು ಭಾರ ಹೇರಿ, ಇಳಿಸಿ, ಆಮೇಲೆ ತೆಗೆದುಬಿಟ್ಟರೆ?"

ಅವರು ಅಳತೆ ಪುಸ್ತಕ ತೆರೆದರು. "ಹಾಗೆ ಮಾಡುವ ಪದ್ಧತಿ ಇದೆ. ನಾನೇ ಹೇಳಬೇಕಿತ್ತು, ತಲೆ ಓಡಲಿಲ್ಲ. ಮಾಡಿ."

ಉತ್ಸಾಹದಲ್ಲಿ ನಾನು ತಕ್ಕಡಿಯ ಎರಡು ಕೆಜಿ ಕಬ್ಬಿಣದ ಬಟ್ಟು ತಂದೆ. ಚಕ್ರದ ಬಳಿ ಒಯ್ಯುತ್ತಿದ್ದಂತೆ ಆಯಸ್ಕಾಂತ ಅದನ್ನು ನನ್ನ ಕೈ ಸಮೇತ ಎಳೆದುಕೊಂಡಿತು. ಉಗುರು ಹೋದದ್ದು ಆಗ. ಅಕ್ಕ ಅರಿಶಿನ ಒತ್ತಿ ಬಟ್ಟೆ ಸುತ್ತಿ, ತನ್ನ ಮನೆಗೆ ಹೋಗಿ ಎರಡು ಕೆಜಿ ಕಡಲೇಬೀಜ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಳು. "ಇದುನ್ನ ಎಳ್ಕಂತದಾ ನಿಮ್ ಆಯಸ್ಕಾಂತ?" ಎಂದಳು. ಎಳೆದುಕೊಳ್ಳಲಿಲ್ಲ. ಗಂಟನ್ನು ಚಕ್ರದ ನಡುವೆ ಇಟ್ಟು ಅರ್ಧ ಗಂಟೆ ಬಿಟ್ಟು ತೆಗೆದೆವು. ಚಕ್ರ ಸ್ವಲ್ಪ ಏರಿ ನಿಂತಿತು. ಆಮೇಲೆ ಮೂರು ಗಂಟೆ ನೋಡಿದರೂ ಲೇಸರ್ ಅಳತೆ ಹೆಚ್ಚುಕಡಿಮೆ ಅಲ್ಲಾಡಲಿಲ್ಲ. ಎಂಟು ಗಂಟೆಯ ಪೂರ್ತಿ ಪರೀಕ್ಷೆಗೆ ಸಮಯ ಉಳಿದಿರಲಿಲ್ಲ.

ಸಮಿತಿ ಮೂರು ಜನ. ಬೆಳಿಗ್ಗೆ ಒಂಬತ್ತಕ್ಕೆ ಚಕ್ರ ಬಿಟ್ಟೆವು, ನಿಮಿಷಕ್ಕೆ ಸಾವಿರದಿನ್ನೂರು ಸುತ್ತು. ಮೊದಲ ಗಂಟೆಯಲ್ಲಿ ಮಿಲಿಮೀಟರಿನ ನೂರರಲ್ಲಿ ಆರು ಭಾಗ ಇಳಿಯಿತು. ಎರಡನೆಯದರಲ್ಲಿ ಎರಡು. ಆಮೇಲೆ ಒಂದೊಂದು. ಪ್ರತಿ ನಲವತ್ತು ನಿಮಿಷಕ್ಕೆ ಸಾರಜನಕ ಕುಡಿಸುವುದು ಚಾಚಾ ಕೆಲಸ. ನೂಲಿನಂತೆ ಸುರಿಯಬೇಕು, ಗಬಕ್ಕನೆ ಸುರಿದರೆ ಕುದಿದು ಚಕ್ರ ನಡುಗುತ್ತದೆ. ಮಧ್ಯಾಹ್ನ ಸಮಿತಿಯವರು ಊಟ ಮಾಡಿದರು, ನಾವು ಮಾಡಲಿಲ್ಲ. ಮೂರು ಗಂಟೆಯ ಮೇಲೆ ಸೋಲಾರ್ ಸಾಲುಗಳ ನಡುವಿನಿಂದ ದೂಳಿನ ಗಾಳಿ ಎದ್ದು ಶೆಡ್ಡಿನ ತಗಡನ್ನೆಲ್ಲ ಬಡಿಯಿತು. ಚಕ್ರದ ಅಂಚು ಒಂದು ಸಲ ತೂಗಿ, ತಾನಾಗಿ ನಿಂತಿತು. ಮೇಡಂ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು, ಅದನ್ನು ನೋಡಲಿಲ್ಲ. ನಾನೂ ಹೇಳಲಿಲ್ಲ. ಆಮೇಲೆ ನೆನಪಾಗಿ ಹೇಳಿದೆ. ಅಳತೆ ಪುಸ್ತಕದಲ್ಲಿ ಬರೆದುಕೊಂಡರು.

ಐದಕ್ಕೆ ನಿಲ್ಲಿಸಿದೆವು. ತಾಗಿರಲಿಲ್ಲ. ಸಮಿತಿಯ ಹಿರಿಯರೊಬ್ಬರು ಒಪ್ಪಿಗೆ ಬರೆದು ಕೈ ಕುಲುಕಿ ಹೋದರು. ಯಾರಿಗೂ ಖುಷಿಪಡುವ ಶಕ್ತಿ ಇರಲಿಲ್ಲ. ಚಾಚಾ ಅಲ್ಲೇ ಟೈರಿನ ಮೇಲೆ ಕೂತು ನಿದ್ದೆ ಹೋದರು.

ಟೀ ಕುಡಿಯುವಾಗ ಮೇಡಂ ಹೇಳಿದರು: "ಹನ್ನೆರಡು ಬೇರಿಂಗಿನ ಲೋಹದ ಕೆಲಸ ಪೂರ್ತಿ ನಿಮ್ಮ ಶಾಪಿನಲ್ಲೇ ಆಗಲಿ, ಸರ್. ನಿಮ್ಮಷ್ಟು ಚೆನ್ನಾಗಿ ಬೇರೆಯವರು ಮಾಡಲ್ಲ. ಬಿಲ್ಲೆ ಮಾತ್ರ ನಮ್ಮಲ್ಲಿ ಕೂರಿಸ್ತೀವಿ."

ಚೌಕಾಶಿಗೆ ಬಾಯಿ ತೆರೆದೆ. "ಆಗಲಿ ಮೇಡಂ," ಎಂದೆ.

ಈಗ ಹನ್ನೆರಡರಲ್ಲಿ ಏಳು ಮುಗಿದಿವೆ. ತಾಮ್ರದ ಬಟ್ಟಲುಗಳನ್ನು ಖಾಲಿಯಾಗಿಯೇ ಬೆಂಗಳೂರಿಗೆ ಕಳಿಸುತ್ತೇನೆ.

ಇಂಥ ಕೆಲಸ ಇನ್ನು ಮುಂದೆ ನಮ್ಮಂಥ ಸಣ್ಣ ಶಾಪುಗಳಿಗೂ ಬರುತ್ತದೆ. ನಿಮಗೆ ಬಂದರೆ ಬೇಡ ಎನ್ನಬೇಡಿ, ಆದರೆ ಇಷ್ಟು ಕೇಳಿ. ಬಿಲ್ಲೆಯನ್ನು ಬುಶ್ಶಿನ ಹಾಗೆ ಬಿಗಿದು ಕೂರಿಸಬೇಡಿ. ಅದು ಲೋಹವಲ್ಲ, ಸುಟ್ಟ ಮಣ್ಣಿನ ಜಾತಿ. ಸಂದು ಬಿಟ್ಟು ಅಂಟು ತುಂಬಿ. ಬಟ್ಟಲು ಚಿಕ್ಕದಾದರೆ ಅರ್ಧ ದಿನ ಹೋಗಲಿ, ಮತ್ತೆ ಕೊರೆಯಿರಿ. ತಣ್ಣಗೆ ಮಾಡುವಾಗ ಮೊದಲು ಹಬೆಯಲ್ಲಿ ಹಿಡಿದು ಆಮೇಲೆ ಮುಳುಗಿಸಿ, ಬೆಚ್ಚಗಾಗುವಾಗ ನೀರು ಕೂರಲು ಬಿಡಬೇಡಿ. ಸುತ್ತ ಕಬ್ಬಿಣದ ಸಾಮಾನು ಇಡಬೇಡಿ. ಸಾರಜನಕ ಸುರಿಯುವಾಗ ಶೆಡ್ಡಿನ ಬಾಗಿಲು ಕಿಟಕಿ ತೆರೆದಿರಲಿ, ಮುಚ್ಚಿದ ಜಾಗದಲ್ಲಿ ಅದು ಉಸಿರು ಕಟ್ಟಿಸುತ್ತದೆ. ದೋಷ ಹುಡುಕುವಾಗ ಚುಕ್ಕೆ ಗುರುತು ಮರೆತು ಒಂದು ಸಲ ತಿರುಗಿಸಿ ಇಟ್ಟು ನೋಡಿ. ಕೂರಿಸಿದ ಮೇಲೆ ಗಿರಾಕಿಯ ಎದುರಿಗೇ ಇನ್ನೊಮ್ಮೆ ಅಳೆಸಿ, ಅವರು ಬೇಡವೆಂದರೂ ಅಳೆಸಿ.

ಎಷ್ಟು ಜೋಪಾನ ಮಾಡಿದರೂ ಒಂದಲ್ಲ ಒಂದು ದಿನ ಒಂದು ಒಡೆಯುತ್ತದೆ. ಒಡೆದರೆ ಕೈ ತೊಳೆಯುವ ಮೊದಲೇ ಫೋನ್ ಮಾಡಿ. ಕೈ ತೊಳೆದು ಒರೆಸಿಕೊಳ್ಳುವಷ್ಟರಲ್ಲಿ ಸಬೂಬು ತಯಾರಾಗಿರುತ್ತದೆ.